ರಝಾಕ್ ಗಿರಾಕಿಯಾಗಿ ಕೂತ ಮಧ್ಯಾಹ್ನ

ತಾಯಿಫ್‌ನ ಒಂದು ವಸತಿ ಬೀದಿಯಲ್ಲಿ, ಇಸ್ತ್ರಿ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ, ಹಸಿ ಮೀನು, ಅನ್ನದ ಜಪಾನೀ ತಿಂಡಿಯಾದ ಸುಶಿ ಮಾಡುವ, ಆರೇ ಆರು ಮೇಜುಗಳ ಒಂದು ಹೋಟೆಲಿದೆ. ಅಲ್ಲಿ ಮೀನು ಕತ್ತರಿಸುತ್ತಿದ್ದವರು ಉಳ್ಳಾಲದ ರಝಾಕ್. ವಯಸ್ಸು ಐವತ್ತಾರು. ಸೌದಿಗೆ ಬಂದ ಹೊಸದರಲ್ಲಿ ಜಿದ್ದಾದ ಮೀನು ಮಾರುಕಟ್ಟೆಯಲ್ಲಿ ದಿನಕ್ಕೆ ಹನ್ನೆರಡು ಗಂಟೆ ನಿಂತು ಮೀನು ಕಡಿಯುವ ಕೆಲಸ ಮಾಡಿದ್ದರು. ಜಪಾನಿನಲ್ಲಿ ಓದಿ ಬಂದಿದ್ದ ಹನೀನ್ ಎಂಬ ಸೌದಿ ಹೆಂಗಸು ಒಂದು ದಿನ ಅಲ್ಲಿಗೆ ಬಂದು, ರಝಾಕ್ ಒಂದು ದೊಡ್ಡ ಅಂಜಲ್ ಮೀನಿನ ಚರ್ಮವನ್ನು ಒಂದೇ ಎಳೆತಕ್ಕೆ ಬಿಡಿಸುವುದನ್ನು ಬಹಳ ಹೊತ್ತು ನೋಡಿದ್ದಳು. ಮರುವಾರವೇ ಅವರನ್ನು ಬೆಟ್ಟದ ಮೇಲಿನ ತನ್ನ ಊರಿಗೆ ಕರೆಸಿಕೊಂಡಳು. ಅನ್ನದ ಉಂಡೆ ಕಟ್ಟುವುದನ್ನು, ಸಮುದ್ರ ಪಾಚಿಯ ಹಾಳೆಯಲ್ಲಿ ಸುತ್ತುವುದನ್ನು ಒಬ್ಬ ಫಿಲಿಪೀನಿ ಅಡುಗೆಯವನು ಎಂಟು ತಿಂಗಳು ಕಲಿಸಿ, ಬೇರೆ ಕೆಲಸ ಸಿಕ್ಕಿ ಹೊರಟುಹೋದ. ಅಲ್ಲಿಂದ ಮುಂದೆ ಹೋಟೆಲಿನ ಕತ್ತಿ ರಝಾಕರ ಕೈಗೆ ಬಂತು.

ತಾಯಿಫ್‌ನಲ್ಲಿ ಸಮುದ್ರವಿಲ್ಲ. ಜಿದ್ದಾದಿಂದ ಘಾಟಿ ಹತ್ತಿ ಬರುವ ವ್ಯಾನು ಬೆಳಿಗ್ಗೆ ಹತ್ತಕ್ಕೆ ಹಿಂಬಾಗಿಲಲ್ಲಿ ನಿಲ್ಲುತ್ತಿತ್ತು. ಮಂಜುಗಡ್ಡೆಯ ಪೆಟ್ಟಿಗೆ ತೆರೆದು, ರಝಾಕ್ ಬಗ್ಗಿ ಮೀನನ್ನು ಮೂಸಿ ನೋಡಿ, "ತಮಾಮ್", ಎಲ್ಲ ಸರಿಯಿದೆ, ಎಂದರೆ ಮಾತ್ರ ಹನೀನ್ ಚೀಟಿಗೆ ಸಹಿ ಹಾಕುತ್ತಿದ್ದಳು. ಹಸಿ ಮೀನು ತಿನ್ನಿಸುವ ಹೋಟೆಲಿನ ಮಾನವೆಲ್ಲ ಆ ಒಂದು ಮಾತಿನ ಮೇಲೆ ನಿಂತಿತ್ತು.

ಆದರೆ ನಾಲ್ಕು ವರ್ಷದ ಹಿಂದೆ ಬಂದ ಒಂದು ಜ್ವರದಲ್ಲಿ ರಝಾಕರಿಗೆ ವಾಸನೆ ತಿಳಿಯುವುದು ಪೂರ್ತಿ ನಿಂತುಹೋಗಿತ್ತು. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾದರು. ಬರಲಿಲ್ಲ. ನಾಲಿಗೆಗೆ ಉಪ್ಪು ಹುಳಿ ತಿಳಿಯುತ್ತಿದ್ದುದರಿಂದ ಅನ್ನಕ್ಕೆ ವಿನೆಗರ್ ಬೆರೆಸುವುದು ತಪ್ಪುತ್ತಿರಲಿಲ್ಲ. ಮೀನನ್ನು ಮಾತ್ರ ಕಣ್ಣಿನಿಂದ ಬಣ್ಣ ನೋಡಿ, ಬೆರಳಿನಿಂದ ಒತ್ತಿ ತೀರ್ಮಾನಿಸುತ್ತಿದ್ದರು. ಮೂಸುವುದು ಬರೀ ತೋರಿಕೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ, ಮಗಳು ಜುವೈರಿಯಾಳ ನರ್ಸಿಂಗ್ ಓದು ಇನ್ನೂ ಮುಗಿದಿರಲಿಲ್ಲ. ದಿನವೂ ಬಾಗಿಲು ಹಾಕುವವರೆಗೆ ಅವರ ಕಿವಿ ಮೇಜುಗಳ ಕಡೆಗೇ ಇರುತ್ತಿತ್ತು. ಯಾರಾದರೂ ಕೆಮ್ಮಿದರೆ, ಮಗು ತಟ್ಟೆ ದೂಡಿದರೆ, ಅವರು ಕತ್ತಿ ಕೆಳಗಿಟ್ಟು ಇಣುಕಿ ನೋಡುತ್ತಿದ್ದರು. ನಿಂತು ನಿಂತು ಕಾಲು ನೋಯುತ್ತಿದ್ದುದು ನಿಜ, ಆದರೆ ಅವರನ್ನು ತಿಂದು ಮುಗಿಸುತ್ತಿದ್ದುದು ಆ ಹೆದರಿಕೆ.

ಈ ವರ್ಷ ಹೆಂಡತಿ ನಸೀಬಾ ಮೂರು ತಿಂಗಳ ವಿಸಿಟ್ ವೀಸಾದಲ್ಲಿ ಬಂದಳು. ಇಬ್ಬರೂ ಉಮ್ರಾ ಯಾತ್ರೆ ಮುಗಿಸಿ ತಾಯಿಫ್‌ಗೆ ಬಂದ ವಾರವೇ, ರಝಾಕರನ್ನು 'ಅಮ್' (ಚಿಕ್ಕಪ್ಪ) ಎಂದು ಕರೆಯುತ್ತಿದ್ದ ಹನೀನ್ ಹೇಳಿದಳು: "ಅಮ್ ರಝಾಕ್, ಭಾನುವಾರ ನಿಮ್ಮ ರಜೆ. ಮಧ್ಯಾಹ್ನ ಬೇಗಂ ಅವರನ್ನು ಕರೆದುಕೊಂಡು ಬನ್ನಿ. ಆ ದಿನ ನೀವು ಕತ್ತಿ ಮುಟ್ಟುವ ಹಾಗಿಲ್ಲ. ಕೂತು ತಿನ್ನಬೇಕು."

ರಜೆಯಾದರೂ ರಝಾಕ್ ಬೆಳಿಗ್ಗೆ ಹತ್ತಕ್ಕೆ ಹೋಗಿ ಮೀನು ನೋಡಿ ಬಂದಿದ್ದರು. ಘಾಟಿಯಲ್ಲಿ ಲಾರಿ ಕೆಟ್ಟು ನಿಂತು ವ್ಯಾನು ಎರಡು ಗಂಟೆ ತಡವಾಗಿತ್ತು, ಅವರು ಅಲ್ಲೇ ಕಾದಿದ್ದರು. ಪೆಟ್ಟಿಗೆಯಲ್ಲಿ ಮಂಜಿಗಿಂತ ನೀರೇ ಹೆಚ್ಚಿತ್ತು. ಟ್ಯೂನಾ ಮೀನಿನ ಬಣ್ಣ ಕೆಂಪಗೇ ಇತ್ತು, ಒತ್ತಿದರೆ ಗಟ್ಟಿಯಿತ್ತು. "ತಮಾಮ್" ಎಂದು ಹೇಳಿ ಮನೆಗೆ ಬಂದಿದ್ದರು.

ಮೂರು ಗಂಟೆಗೆ ಗಂಡ ಹೆಂಡತಿ ಹೋಗಿ ಕಿಟಕಿ ಪಕ್ಕದ ಮೇಜಿಗೆ ಕೂತರು. ಇಷ್ಟು ವರ್ಷದಲ್ಲಿ ರಝಾಕ್ ಆ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. ಕೈ ಎಲ್ಲಿಡಬೇಕೆಂದು ಅವರಿಗೆ ತಿಳಿಯಲಿಲ್ಲ. ಕಟ್ಟೆಯ ಹಿಂದೆ ಎರಡನೆಯ ಅಡುಗೆಯವನಾದ ಮಲಪ್ಪುರಂನ ಆಶಿಕ್ ಕತ್ತರಿಸುತ್ತಿದ್ದ. ರಝಾಕ್ ಒಪ್ಪಿದ ಮೀನನ್ನು ಅವನು ಮತ್ತೆ ಮೂಸಿ ನೋಡುತ್ತಿರಲಿಲ್ಲ. ಪಕ್ಕದ ಮೇಜಿನಲ್ಲಿ ಒಬ್ಬ ತಾಯಿ ತನ್ನ ಇಬ್ಬರು ಹೆಣ್ಣುಮಕ್ಕಳೊಂದಿಗೆ ಕಾಯುತ್ತಿದ್ದಳು. ಹನೀನ್ ತಾನೇ ತಟ್ಟೆ ತಂದಿಟ್ಟು ನಕ್ಕು ಹೋದಳು.

ನಸೀಬಾ ಅನ್ನದ ಉಂಡೆಯ ಮೇಲೆ ಮಲಗಿಸಿದ ಕೆಂಪು ತುಂಡನ್ನು ನೋಡಿದಳು. "ಎಂತ ಇದು, ಬೇಯಿಸ್ಲೇ ಇಲ್ವಾ?"

"ಇಲ್ಲ. ಇದನ್ನು ಹೀಗೇ ತಿನ್ನುದು."

"ನೀವು ತಿಂತೀರಾ?"

"ಇಷ್ಟು ವರ್ಷ ತಿನ್ಲಿಲ್ಲ. ಇವತ್ತು ತಿಂತೇನೆ," ಎಂದು ರಝಾಕ್ ಒಂದನ್ನು ಬಾಯಿಗೆ ಹಾಕಿಕೊಂಡರು. ಅನ್ನದ ಹುಳಿ ತಿಳಿಯಿತು. ಮೀನು ಬರೀ ತಣ್ಣಗಿತ್ತು. ಇದಕ್ಕಾಗಿಯೇ ಜನ ದೂರದಿಂದ ಕಾರು ಮಾಡಿಕೊಂಡು ಬರುತ್ತಾರಲ್ಲ ಎಂದು ಅಗಿಯುತ್ತ ಯೋಚಿಸಿದರು. ಬೇಸರವೂ ಆಗಲಿಲ್ಲ, ಸಂತೋಷವೂ ಆಗಲಿಲ್ಲ.

ಉಳ್ಳಾಲದಲ್ಲಿ ಬೈಕಿನವನು ಮೀನು ತಂದರೆ ಕಿವಿರು ಎತ್ತಿ ಮೂಸದೆ ಒಂದು ಬಂಗುಡೆಯನ್ನೂ ತೆಗೆದುಕೊಳ್ಳದವಳು ನಸೀಬಾ. ಅದೇ ಅಭ್ಯಾಸದಿಂದ ತುಂಡನ್ನು ಮೂಗಿನ ಹತ್ತಿರ ಹಿಡಿದಳು. ಹಿಡಿದವಳು ಮೆಲ್ಲಗೆ ತಟ್ಟೆಗೆ ಇಟ್ಟುಬಿಟ್ಟಳು.

"ಇದು ತಿನ್ನುದು ಬೇಡ."

"ಎಂತಕ್ಕೆ?"

"ಹಾಳಾಗಿದೆ. ನಿಮಗೆ ಗೊತ್ತಾಗ್ಲಿಲ್ವಾ?"

ರಝಾಕ್ ತುಂಡನ್ನು ಎತ್ತಿ ಮೂಸಿದರು. ಏನೂ ಇಲ್ಲ. ನಸೀಬಾ ಗಂಡನ ಮುಖವನ್ನೇ ನೋಡಿದಳು. "ಹೋದ ಸಲ ಊರಿಗೆ ಬಂದಾಗ ಒಲೆಯ ಮೇಲೆ ಹಾಲು ಸೀದು ಕರಿ ಆಗಿತ್ತು. ನೀವು ಪಕ್ಕದಲ್ಲೇ ಪೇಪರ್ ಓದ್ತಾ ಇದ್ರಿ. ನನಗೆ ಆವತ್ತೇ ಅನುಮಾನ ಬಂದಿತ್ತು. ಮೂಗು ಹೋಗಿದೆ ಅಲ್ವಾ?"

ರಝಾಕ್ ತಲೆಯಾಡಿಸಿದರು. ಅಷ್ಟರಲ್ಲಿ ಹನೀನ್ ಪಕ್ಕದ ಮೇಜಿಗೆ ತಟ್ಟೆ ತಂದಿಟ್ಟಳು. ಚಿಕ್ಕ ಹುಡುಗಿ ಕೆಂಪು ತುಂಡಿನ ಕಡೆಗೇ ಕೈ ಚಾಚಿದಳು. ಸುಮ್ಮನಿರಬಹುದಿತ್ತು. ಒಬ್ಬಳ ಮೂಗು ತಪ್ಪಿರಬಹುದು ಎಂದುಕೊಳ್ಳಬಹುದಿತ್ತು. ರಝಾಕ್ ಎದ್ದು ನಿಂತರು. ಮೊಣಕಾಲು ಕಟಕ್ ಎಂದಿತು. ಎರಡು ಹೆಜ್ಜೆಯಲ್ಲಿ ಹೋಗಿ ಹುಡುಗಿಯ ಕೈಕೆಳಗಿನಿಂದ ತಟ್ಟೆಯನ್ನು ಎತ್ತಿಕೊಂಡರು.

"ಕ್ಷಮಿಸಿ ತಾಯಿ. ಇದು ಸರಿಯಿಲ್ಲ. ತಪ್ಪು ನನ್ನದು."

ತಾಯಿ ಗಾಬರಿಯಾಗಿ ಹನೀನಳ ಮುಖ ನೋಡಿದಳು. ಹನೀನ್ ರಝಾಕರನ್ನು ಅಡುಗೆಮನೆಗೆ ಕರೆದೊಯ್ದಳು. ರಝಾಕ್ ಎಲ್ಲವನ್ನೂ ಹೇಳಿದರು. ಹೇಳಲು ಎರಡು ನಿಮಿಷವೂ ಬೇಕಾಗಲಿಲ್ಲ.

"ನಾಲ್ಕು ವರ್ಷ! ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ನೀವು ನನ್ನನ್ನು ಇಟ್ಟುಕೊಳ್ಳುತ್ತಿದ್ದಿರಾ, ಮೇಡಂ?"

ಹನೀನ್ ಅವರ ಕೈಯಿಂದ ತಟ್ಟೆ ತೆಗೆದುಕೊಂಡು ಪಕ್ಕಕ್ಕಿಟ್ಟಳು.

"ಈವರೆಗೆ ಯಾರಿಗೂ ಏನೂ ಆಗಿಲ್ಲ," ಎಂದ ಹಿಂದೆಯೇ ಬಂದಿದ್ದ ಆಶಿಕ್, ನಡುವೆ ಬಾಯಿ ಹಾಕಿ.

"ಅದು ಅಲ್ಲಾಹನ ಕರುಣೆ. ನಮ್ಮ ಜಾಣತನ ಅಲ್ಲ," ಎಂದಳು ಹನೀನ್. ಆ ದಿನದ ಟ್ಯೂನಾವನ್ನೆಲ್ಲ ಕಸದ ಚೀಲಕ್ಕೆ ಹಾಕಿಸಿ, ಗಿರಾಕಿಗಳ ಕ್ಷಮೆ ಕೇಳಿ ಬಾಗಿಲು ಮುಚ್ಚಿಸಿದಳು. ರಝಾಕರಿಗೆ, "ಮನೆಗೆ ಹೋಗಿ. ನಾನೇ ಫೋನ್ ಮಾಡುತ್ತೇನೆ," ಎಂದಷ್ಟೇ ಹೇಳಿದಳು.

ರೂಮಿಗೆ ಬಂದ ರಝಾಕ್ ಇಳಿಹೊತ್ತಿನ ಅಸರ್ ನಮಾಝ್ ಮುಗಿಸಿ ಒರಗಿದವರು, ಸೂರ್ಯ ಮುಳುಗಿ ಮಗ್ರಿಬ್ ಬಾಂಗಿಗೆ ನಸೀಬಾ ಅಲುಗಾಡಿಸಿ ಎಬ್ಬಿಸುವ ತನಕ ಏಳಲಿಲ್ಲ. "ಎಂತ ನಿದ್ದೆ ಮಾರಾಯ್ರೆ, ನಾನು ಹೆದರಿದೆ," ಎಂದಳು.

"ಹೆದರ್ಬೇಡ. ತುಂಬಾ ದಿನದ ಬಾಕಿ ನಿದ್ದೆ."

ಎರಡು ದಿನ ಫೋನ್ ಬರಲಿಲ್ಲ. ರಝಾಕ್ ಸೂಟ್‌ಕೇಸು ಕೆಳಗಿಳಿಸಿ ಒರೆಸಿಟ್ಟರು. ನಸೀಬಾ ತನ್ನ ಬಟ್ಟೆಗಳನ್ನೂ ಮಡಚಿಟ್ಟಳು. ಮೂರನೆಯ ದಿನ ಹನೀನ್ ಫೋನ್ ಮಾಡಿದಳು. "ನಾಳೆ ಹತ್ತು ಗಂಟೆಗೆ ಬನ್ನಿ. ಬೇಗಂ ಕೂಡ ಬರಲಿ. ನನಗೆ ಅವರ ಹತ್ತಿರ ಕಲಿಯುವುದಿದೆ."

ಮರುದಿನ ಹಿಂಬಾಗಿಲಿನಲ್ಲಿ ಪೆಟ್ಟಿಗೆ ತೆರೆದಿಟ್ಟು ಇಬ್ಬರು ಹೆಂಗಸರೂ ಬಗ್ಗಿದರು. ಒಬ್ಬಳಿಗೆ ಬ್ಯಾರಿ, ಕನ್ನಡ ಬಿಟ್ಟರೆ ಬೇರೆ ಬಾರದು. ಇನ್ನೊಬ್ಬಳಿಗೆ ಅರಬ್ಬಿ, ಇಂಗ್ಲಿಷ್, ಜಪಾನೀ. ನಡುವೆ ರಝಾಕ್ ನಿಂತರು.

"ಅವಳಿಗೆ ಹೇಳಿ, ಒಳ್ಳೆ ಮೀನಿಗೆ ಸಮುದ್ರದ ವಾಸನೆ ಇರ್ತದೆ. ಮೀನಿನ ವಾಸನೆ ಬಂದ್ರೆ ಅದು ಹಳೇದು," ಎಂದಳು ನಸೀಬಾ.

ರಝಾಕ್ ಅರಬ್ಬಿಯಲ್ಲಿ ಹೇಳಿದರು. ಹನೀನ್ ಮೂಸಿ, ಕಣ್ಣು ಮುಚ್ಚಿ, ಮತ್ತೆ ಮೂಸಿದಳು. "ಇದು?"

"ಅದು ನಿನ್ನೆಯದ್ದು. ಒಳಗೆ ಸ್ವಲ್ಪ ಹುಳಿ ಸಿಗ್ತದೆ ನೋಡ್ಲಿ."

ತನಗೆ ತಿಳಿಯದ ವಾಸನೆಗಳನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಿಸುತ್ತ ರಝಾಕ್ ಗೋಡೆಗೆ ಒರಗಿದರು. ಆ ಹೊತ್ತಿಗೆ ಅವರಿಗೆ ಯಾವ ನಾಚಿಕೆಯೂ ಉಳಿದಿರಲಿಲ್ಲ. ಸುಸ್ತು ಮಾತ್ರ ಇತ್ತು.

ಹೀಗೆ ಹತ್ತು ವಾರ ನಡೆಯಿತು. ಈ ನಡುವೆ ಹನೀನ್ ಎರಡು ಸಲ ಇಡೀ ಪೆಟ್ಟಿಗೆಯನ್ನು ವಾಪಸ್ ಕಳಿಸಿದಳು. ಎರಡನೆಯ ಸಲ ನಸೀಬಾಳನ್ನು ಕೇಳದೆಯೇ ಕಳಿಸಿದಳು. ಹಸಿ ಮೀನಿನ ಕೆಲಸ ಆಶಿಕ್‌ಗೆ ಹೋಯಿತು. ರಝಾಕರಿಗೆ ಅನ್ನ, ಬೇಯಿಸಿದ ಸಿಗಡಿ, ಸೂಪು ಉಳಿದವು. ಕೂರಲು ಒಂದು ಎತ್ತರದ ಸ್ಟೂಲು ಕೂಡ ಬಂತು. ಅದನ್ನು ಅವರು ಎಂದೂ ಕೇಳಿರಲಿಲ್ಲ.

ವೀಸಾ ಮುಗಿದು ನಸೀಬಾ ಹೊರಡುವ ದಿನ ಏರ್‌ಪೋರ್ಟ್‌ನಲ್ಲಿ ಕೇಳಿದಳು: "ನೀವು ಯಾವಾಗ ಬರುದು?"

"ಜುವೈರಿಯಾಳ ಕೊನೆ ಪರೀಕ್ಷೆ ಮುಗೀಲಿ. ಒಂದು ವರ್ಷ."

"ಹೋದ ಸಲವೂ ಒಂದು ವರ್ಷ ಹೇಳಿದ್ರಿ."

"ಆಗ ಸುಳ್ಳು ಹೇಳ್ತಾ ಇದ್ದೆ ಮಾರಾಯ್ತಿ. ಎಲ್ಲದರಲ್ಲಿಯೂ."

ನಸೀಬಾ ನಗಲಿಲ್ಲ. ಗಂಡನ ತೋಳನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಒಳಗೆ ಹೋದಳು.

ಮರುದಿನ ಮಧ್ಯಾಹ್ನ ಹಳೆಯ ಗಿರಾಕಿಯೊಬ್ಬರು ಕಟ್ಟೆಯ ಮುಂದೆ ಕೂತು, "ಅಮ್ ರಝಾಕ್, ಇವತ್ತು ಯಾವ ಮೀನು ಚೆನ್ನಾಗಿದೆ?" ಎಂದು ಕೇಳಿದರು.

ರಝಾಕ್ ಬಿಸಿ ಅನ್ನ ಆರಿಸುತ್ತಿದ್ದ ಕೈ ನಿಲ್ಲಿಸದೆ ಹೇಳಿದರು: "ನನಗೆ ವಾಸನೆ ಗೊತ್ತಾಗುವುದಿಲ್ಲ, ಯಾ ಶೇಖ್. ಮೇಡಂ ಅವರನ್ನು ಕೇಳಿ."