ಅಜ್ಜನ ರಜೆಯ ಪುಟ

ಅಥವಾ ಸಾಲಿನಿಂದ ಹೊರಗೆ ನಿಂತವಳು ನಾನೇ ಅಲ್ಲವೇನೋ. ಮಿಲ್ಟ್ರಿ ಬಿಟ್ಟು ತನ್ನ ಹಳ್ಳಿ ಇಂದೂರಿಗೆ ಬಂದು ಕೂತ ಅಜ್ಜ, ಊಟಕ್ಕೆ ಮೊದಲು ಮೊಮ್ಮಕ್ಕಳನ್ನು ಪಡಸಾಲೆಯಲ್ಲಿ ಸಾಲಾಗಿ ನಿಲ್ಲಿಸಿ ಉಗುರು ನೋಡುತ್ತಿದ್ದ. ನನ್ನ ಸರದಿ ಬಂದಾಗ ಕೈ ಮುಟ್ಟದೆ, "ನೀ ಈ ಸಾಲಿನಾಕಿ ಅಲ್ಲ, ಆಚೆ ನಿಲ್ಲು" ಅಂದ. ಇದನ್ನು ಎಷ್ಟೋ ಜನರಿಗೆ ಹೇಳಿದ್ದೇನೆ. ಆದರೆ ನಾನು ಆ ಮನೆಗೆ ಹೋದದ್ದೇ ಎರಡೋ ಮೂರೋ ಸಲ. ಅಪ್ಪನೂ ತನ್ನ ಬಾಲ್ಯದ ಬಗ್ಗೆ ಇದೇ ಕಥೆ ಹೇಳುತ್ತಾನೆ: ಅದೇ ಪಡಸಾಲೆ, ಅದೇ ಉಗುರು. ಇಬ್ಬರಲ್ಲಿ ಒಬ್ಬರು ಕದ್ದಿದ್ದೇವೆ. ನಾನೇ ಇರಬೇಕು.

ಅಪ್ಪ ಹುಟ್ಟಿದಾಗ ಅಜ್ಜ ಗಡಿಯಲ್ಲಿದ್ದ. ಅದರ ಹಿಂದಿನ ವರ್ಷ ತಾನು ರಜೆಗೆ ಬಂದೇ ಇರಲಿಲ್ಲ ಎಂದು ಸಾಯುವ ತನಕ ಹೇಳಿದ. ಬಂದಿದ್ದ ಎಂದು ಅಜ್ಜಿ ಒಂದೇ ಸಲ ಹೇಳಿ ಬಾಯಿ ಮುಚ್ಚಿಕೊಂಡಳು. ಅಪ್ಪ ಹದಿನೆಂಟಕ್ಕೆ ದಾಂಡೇಲಿಗೆ ಓಡಿಬಂದು ಕಾಗದದ ಮಿಲ್ಲು ಸೇರಿದ, ಅಲ್ಲೇ ರಿಟೈರ್ ಆದ.

ಸೈನಿಕನಿಗೆ ಕೊಡುವ ಸೈನ್ಯದ ಪುಸ್ತಕದಲ್ಲಿ ಪ್ರತಿ ರಜೆಯನ್ನೂ ಬರೆದಿರುತ್ತಾರೆಂದು ಮಾಜಿ ಸೈನಿಕನೊಬ್ಬ ಅಪ್ಪನ ತಲೆಗೆ ತುಂಬಿದ. ಈಗ ರಕ್ತ ಪರೀಕ್ಷೆ ಇದೆಯಲ್ಲ, ಒಡಹುಟ್ಟಿದವರ ರಕ್ತವಿದ್ದರೂ ಸಾಕು ಎಂದೆ.

"ನನ್ನ ರಕ್ತ ಯಾಕ? ಅಂವನ ಪುಸ್ತಕ ಹೇಳ್ಲಿ. ಆ ವರ್ಷ ಸೂಟಿಗೆ ಬಂದಿದ್ನೋ ಇಲ್ಲೋ, ಅಷ್ಟ ನೋಡ್ಕೊಂಡು ಬಾ."

ಪುಸ್ತಕ ಇಂದೂರಿನಲ್ಲಿ, ಅಪ್ಪನ ಅಕ್ಕನ ಹತ್ತಿರ ಇತ್ತು. ಅತ್ತೆ ನನಗೆ ನೀರೂ ಕೊಡಲಿಲ್ಲ.

"ನಿಮ್ಮಪ್ಪ ಕಳಿಸ್ಯಾನೇನು? ತಾನ ಬರಾಕ ಕಾಲ ಬಿದ್ದಾವೇನು?"

"ನೀವು ಒಳಗ ಕರೀತಿದ್ರೇನು ಅವನ್ನ?"

"ಸತ್ತವರ ಮರ್ಯಾದಿ ಕಳೀಲಿಕ್ಕೆ ಬಂದಾಕಿಗೆ ಬಾಯಿ ನೋಡು!"

ಪುಸ್ತಕ ದೇವರ ಜಗಲಿಯ ಮೇಲಿತ್ತು. ಅಜ್ಜ ಫೋಟೋ ತೆಗೆಸಿಕೊಂಡಿರಲಿಲ್ಲವಂತೆ; ಹಿರಿಯರ ಜಾಗದಲ್ಲಿ ಪುಸ್ತಕವನ್ನೇ ಬಿಚ್ಚಿ ಇಟ್ಟಿದ್ದರು. ಪ್ರತಿ ಸೋಮವಾರ ಲಿಂಗಕ್ಕೆ ನೀರು ಹಾಕಿದ ಮೇಲೆ ಅತ್ತೆ ಅದರ ಮೇಲೂ ಚಿಮುಕಿಸಿ, ವಿಭೂತಿ ಬಳಿದು, ಕೈಮುಗಿಯತೊಡಗಿ ಇಪ್ಪತ್ತು ವರ್ಷವಾಗಿತ್ತು.

ಕೈ ಹಾಕಿ ಎತ್ತಿದೆ. "ಮೈಲಿಗಿ ಮಾಡಬ್ಯಾಡ!" ಎಂದು ಅತ್ತೆ ಕೂಗಿದಳು. ಲಸಿಕೆಯ ಪುಟ, ಎತ್ತರ-ತೂಕದ ಪುಟ ಎಲ್ಲ ಓದುವಂತಿದ್ದವು. ಬಿಚ್ಚಿಟ್ಟ ಪುಟ ಮಾತ್ರ ನೀಲಿ ರಾಡಿ. ಮೇಲೆ ರಜೆ ಎಂಬ ಅರ್ಥದ ಅಚ್ಚಿನ ಅಕ್ಷರ ಉಳಿದಿತ್ತು. ಕೆಳಗೆ ಶಾಯಿಯಲ್ಲಿ ಬರೆದದ್ದೆಲ್ಲ ವಿಭೂತಿಯೊಳಗೆ ಕರಗಿತ್ತು.

"ಇದ ಪುಟ ಯಾಕ ಬಿಚ್ಚಿಟ್ರಿ?"

"ಬಿಚ್ಚಿದಾಗ ಯಾವುದು ಬಂತೋ ಅದು. ನನಗೇನು ಓದಾಕ ಬರ್ತೈತಿ?"

ಗೋಡೆಯ ಮೇಲೆ ಆ ತಿಂಗಳ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಅವಳದೇ ಅಕ್ಷರದಲ್ಲಿತ್ತು. ಅದನ್ನು ತೋರಿಸಿದೆ. "ಎದ್ದು ನಡೀ" ಅಂದಳು.

ವಾಪಸಿನ ಬಸ್ಸು ಹಳಿಯಾಳ ದಾಟಿದಾಗ ಅಪ್ಪನ ಫೋನು ಬಂತು. "ಬಂದಿದ್ನೇನು?" ಹೌದು ಎಂದು ಸುಳ್ಳು ಹೇಳಬಹುದಿತ್ತು. ಆ ಮನೆಯವರು ಹೇಳಿದ ಸುಳ್ಳೇ ಸಾಕಾಗಿತ್ತು.

"ಪುಟ ಅಳಿಸೇತಿ" ಎಂದೆ. ಅಪ್ಪ ಫೋನಿಟ್ಟ.

ಅಜ್ಜ ಆ ವರ್ಷ ಮನೆಗೆ ಬಂದಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ಅತ್ತೆ ಆ ಪುಟವನ್ನು ಓದಿ ತೊಳೆದಳೋ, ಓದದೆ ತೊಳೆದಳೋ, ಅದೂ ಗೊತ್ತಿಲ್ಲ.