ಕದ್ದ ದಾಸವಾಳ ತಿಂದ ಆಮೆ

ಪಕ್ಕದ ಮನೆಯ ಅಂಕಲ್‌ರನ್ನು ಕಂಡರೆ ನನಗಾಗುವುದಿಲ್ಲ. ನನ್ನನ್ನು ಕಂಡರೆ ಅವರಿಗೂ ಆಗುವುದಿಲ್ಲ. ನಾವಿಬ್ಬರೂ ಒಮ್ಮತಕ್ಕೆ ಬಂದಿರುವುದು ಇದೊಂದೇ ವಿಷಯದಲ್ಲಿ. ಅವರು ಹುಬ್ಬಳ್ಳಿ ಕಡೆಯವರು, ನಿವೃತ್ತ ಎಂಜಿನಿಯರ್, ಕೆಮ್ಮುವುದಕ್ಕೂ ಮುಂಚೆ ಒಮ್ಮೆ ಗಂಟಲು ಸರಿಮಾಡಿಕೊಳ್ಳುವಂಥವರು. ನಾನು ಯಾರು ಸಿಕ್ಕರೂ ಅವರ ದನಿಯನ್ನು ಅವರಿಗೇ ವಾಪಸು ಕೊಡುವವನು. ಅಮ್ಮನನ್ನು ಅಣಕಿಸುತ್ತೇನೆ, ಮ್ಯಾನೇಜರನ್ನು ಅಣಕಿಸುತ್ತೇನೆ. ಇಪ್ಪತ್ತಾರಕ್ಕೇ ಹೊಟ್ಟೆ ಬಂದು, ಕ್ಯಾಲಿಫೋರ್ನಿಯಾದ ಸೆರಿಟೋಸ್‌ನಲ್ಲಿ ಇನ್ನೂ ಅಮ್ಮ ಮಾಡಿದ್ದು ತಿಂದುಕೊಂಡಿರುವ ಒಬ್ಬ ಕನ್ನಡಿಯಲ್ಲಿ ಸಿಗುತ್ತಾನೆ, ಅವನನ್ನೂ ಬಿಡುವುದಿಲ್ಲ. ಆದರೆ ಅಂಕಲ್‌ರ ದನಿ ತೆಗೆದಾಗ ಸಿಗುವ ಸುಖವೇ ಬೇರೆ.

ನಮ್ಮ ಹಿತ್ತಲಲ್ಲಿ ಒಂದು ಆಮೆಯಿದೆ. ಆಫ್ರಿಕಾದ ತಳಿಯ ನೆಲದ ಆಮೆ, ದೋಸೆ ಕಾವಲಿಯಷ್ಟು ಅಗಲ. ಯಾರೋ ಸಾಕಲಾರದೆ ಬಿಟ್ಟುಕೊಟ್ಟದ್ದನ್ನು ನಾನು ತಂದಾಗ ಅಮ್ಮ, "ಆಮೆ ಬಂದ ಮನೆ ಉದ್ಧಾರ ಆಗಲ್ಲ ಕಣೋ, ಬಿಟ್ಟು ಬಾ" ಅಂದಿದ್ದರು. ಆಮೇಲೆ ಅವರಿಗೆ ಕೂರ್ಮಾವತಾರ ನೆನಪಾಯಿತು. ಅಲ್ಲಿಂದ ಆಮೆಗೆ ಮನೆಯಲ್ಲಿ ನನಗಿಂತ ಹೆಚ್ಚು ಮರ್ಯಾದೆ.

ಕೋವಿಡ್‌ನ ಎರಡನೇ ವರ್ಷ ಅದು. ಹೂವು ತರಲು ಅಮ್ಮ ಅಂಗಡಿಗೆ ಹೋಗುತ್ತಿರಲಿಲ್ಲ. ಗೋಡೆಯಾಚೆ ಅಂಕಲ್‌ರ ದಾಸವಾಳ ದಿನಾ ಕೆಂಪಗೆ ಅರಳುತ್ತಿತ್ತು. ಪೂಜೆಗೆ ಕದ್ದ ಹೂವಿಗೆ ಪಾಪವಿಲ್ಲ ಎಂಬ ಕಾನೂನು ಅಮ್ಮನ ಜತೆಗೇ ಕ್ಯಾಲಿಫೋರ್ನಿಯಾಕ್ಕೆ ಬಂದಿದೆ. ಬೆಳಗ್ಗೆ ಪ್ಲಾಸ್ಟಿಕ್ ಸ್ಟೂಲು ಹತ್ತಿ, ಬಟ್ಟೆ ಹ್ಯಾಂಗರಿನಿಂದ ಕೊಂಬೆ ಎಳೆದು, ಐದಾರು ಹೂವು ಕಿತ್ತು ಇಳಿಯುತ್ತಿದ್ದರು. ಮರುದಿನ ಆ ನಿರ್ಮಾಲ್ಯವನ್ನು ಕಾಲಿಗೆ ಸಿಗುವ ಕಡೆ ಹಾಕುವಂತಿಲ್ಲ, ಕಸದ ಡಬ್ಬಿಗಂತೂ ಇಲ್ಲವೇ ಇಲ್ಲ. ಬಿಡೋಣವೆಂದರೆ ಹತ್ತಿರ ಹೊಳೆಯಿಲ್ಲ. ಹಾಗಾಗಿ ಆಮೆಗೆ. ದಾಸವಾಳವೆಂದರೆ ಅದು ಕತ್ತು ಚಾಚಿಕೊಂಡು ಓಡಿ ಬರುತ್ತಿತ್ತು. ಆಮೆಯ ಓಟ ಎಷ್ಟಿರಬಹುದೋ ಅಷ್ಟು.

ಒಂದು ದಿನ ಅಂಕಲ್ ಗೋಡೆಯ ಬಳಿ ಬಂದರು. ಮಾಸ್ಕು ಮೂಗಿನ ಕೆಳಗಿತ್ತು.

"ತಮ್ಮಾ, ನಿಮ್ಮವ್ವಗ ಒಂದ್ ಮಾತು ಹೇಳು. ಆ ದಾಸವಾಳಕ್ಕ ನಾ..."

ಕಳ್ಳತನ ಸಿಕ್ಕಿಬಿತ್ತು ಅಂದುಕೊಂಡೆ. ಮಾತು ಮುಗಿಯುವುದರೊಳಗೆ ಅವರನ್ನು ಓಡಿಸಬೇಕಿತ್ತು. ಗಂಟಲು ಸರಿಮಾಡಿಕೊಂಡೆ, ಎರಡು ಸಲ. "ತಮ್ಮಾ, ನಿಮ್ಮವ್ವಗ ಒಂದ್ ಮಾತು ಹೇಳು" ಅಂದೆ, ಅವರದೇ ದನಿಯಲ್ಲಿ, ಅವರದೇ ಹಾಗೆ ಗಲ್ಲ ಎತ್ತಿ. ಅಡುಗೆಮನೆಯ ಕಿಟಕಿಯಿಂದ ಅಮ್ಮ ಕಿಸಕ್ಕನೆ ನಕ್ಕರು.

"ನಗ್ರಿ, ನಗ್ರಿ. ತಾಯಿ ಮಗಾ ಇಬ್ರೂ ನಗ್ರಿ" ಎಂದು ಅಂಕಲ್ ಹೊರಟುಹೋದರು.

ವಾರ ಕಳೆದಿತ್ತು. ಬಿಸಿಲು ಬಂದರೂ ಆಮೆ ಗೂಡಿನಿಂದ ಹೊರಬರಲಿಲ್ಲ. ಎತ್ತಿ ಹೊರಗಿಟ್ಟರೆ ಕತ್ತು ನೆಲಕ್ಕೆ ಇಳಿಬಿಟ್ಟಿತ್ತು, ಮುಂಗಾಲು ನಡುಗುತ್ತಿದ್ದವು. ಪ್ರಾಣಿಗಳ ಆಸ್ಪತ್ರೆಗೆ ಹೋದೆವು. ಕೋವಿಡ್ ಅಂತ ಅಲ್ಲಿಯವರು ನಮ್ಮನ್ನು ಒಳಗೆ ಬಿಡುತ್ತಿರಲಿಲ್ಲ; ಆಮೆಯನ್ನಷ್ಟೇ ಒಯ್ದು, ಡಾಕ್ಟರು ಕಾರಿನಲ್ಲಿದ್ದ ನಮಗೆ ಫೋನ್ ಮಾಡಿದರು. ಏನು ತಿಂದಿದೆ? ಹುಲ್ಲು, ಪಾಪಾಸುಕಳ್ಳಿ, ದಾಸವಾಳ. ಆ ಗಿಡಕ್ಕೆ ಯಾರಾದರೂ ಕೀಟನಾಶಕ ಹಾಕಿದ್ದಾರೆಯೇ? ಹಾಕಿದ್ದರೆ ಡಬ್ಬಿಯ ಲೇಬಲ್ ಬೇಕು, ಈಗಲೇ; ಯಾವ ವಿಷವೆಂದು ತಿಳಿಯದೆ ಕುರುಡಾಗಿ ಚಿಕಿತ್ಸೆ ಮಾಡಬೇಕಾಗುತ್ತದೆ.

ಕಾರಿನಲ್ಲಿ ಅಮ್ಮ, "ನಾನೇ ಹೋಗಿ ಕೇಳ್ತೀನಿ ಕಣೋ. ಕದ್ದಿದ್ದು ನಾನಲ್ವಾ" ಅಂದರು.

"ಅಣಕಿಸಿದ್ದು ನಾನು. ನೀನು ಸುಮ್ನಿರು."

ಅಂಕಲ್ ಬಾಗಿಲು ತೆರೆದರು. ಒಳಗೆ ಬಾ ಅನ್ನಲಿಲ್ಲ.

"ಅಂಕಲ್, ಅಮ್ಮ ನಿಮ್ಮ ದಾಸವಾಳ ಕಿತ್ಕೊಂಡು ದೇವರಿಗೆ ಇಡ್ತಿದ್ರು. ಆಮೇಲೆ ಅದನ್ನ ಆಮೆಗೆ ಹಾಕ್ತಿದ್ವಿ. ಅದಕ್ಕೆ ಹುಷಾರಿಲ್ಲ. ಗಿಡಕ್ಕೆ ಏನಾದ್ರೂ ಹಾಕಿದೀರಾ?"

"ನಿಮ್ಮವ್ವ ಹೂ ಕದಿಯೂದು ನನಗ ಹ್ವಾದ ವರ್ಷದಿಂದ ಗೊತ್ತದ. ಅದನ್ನ ಕೇಳಾಕ ಬಂದಿರಲಿಲ್ಲ ನಾ. ಬಿಳಿ ಹುಳ ಬಿದ್ದಿತ್ತು, ಬುಡಕ್ಕ ಔಷಧ ಹಾಕಿದ್ದೆ. ಅದು ಬೇರಿಂದ ಹೂವಿಗೂ ಏರ್ತದ. ಮುಟ್ಟಬ್ಯಾಡ್ರಿ ಅಂತ ಹೇಳಾಕ ಬಂದ್ರ ನೀ ಏನ್ ಮಾಡಿದಿ?"

"ತಪ್ಪಾಯ್ತು. ಆದ್ರೆ ಇನ್ನೊಂದ್ಸಲ ಬಂದು ಹೇಳಬಹುದಿತ್ತಲ್ಲ?"

"ಯಾಕ? ಇನ್ನೊಮ್ಮೆ ನಗಿಸ್ಕೊಳ್ಳಾಕ?"

ಅಂದರೆ ವಾರವಿಡೀ ಕಿಟಕಿಯಿಂದ ನೋಡಿದ್ದಾರೆ. ಅಮ್ಮ ಸ್ಟೂಲು ಹತ್ತುವುದನ್ನು, ಹೂವು ಕೀಳುವುದನ್ನು ನೋಡಿಕೊಂಡು ಬಾಯಿ ಮುಚ್ಚಿಕೊಂಡಿದ್ದಾರೆ. ನನ್ನ ಮೇಲಿನ ಸಿಟ್ಟು ನ್ಯಾಯವೇ. ಆದರೆ ಆಮೆ ಅವರನ್ನು ಯಾವತ್ತು ಅಣಕಿಸಿತ್ತು? ಇದನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವ ಉದ್ದೇಶವೂ ಇಲ್ಲ.

ಗ್ಯಾರೇಜಿನಿಂದ ಡಬ್ಬಿ ತಂದು ಹೊಸ್ತಿಲಾಚೆ ಇಟ್ಟು ಆರಡಿ ಹಿಂದೆ ಸರಿದರು. ಅದು ಕೋವಿಡ್‌ಗೋ ನನಗೋ ಗೊತ್ತಾಗಲಿಲ್ಲ. ಮಂಡಿಯೂರಿ ಫೋಟೋ ತೆಗೆದು ಡಾಕ್ಟರಿಗೆ ಕಳಿಸಿದೆ. ತಲೆ ಎತ್ತುವಷ್ಟರಲ್ಲಿ ಬಾಗಿಲು ಹಾಕಿತ್ತು.

ಆಮೆ ಹತ್ತು ದಿನ ಆಸ್ಪತ್ರೆಯಲ್ಲಿತ್ತು. ಸೂಜಿಯಲ್ಲಿ ನೀರು, ನಳಿಕೆಯಲ್ಲಿ ಊಟ, ಬೆಚ್ಚಗಿನ ದೀಪ. ಬದುಕಿತು. ಚಳಿಯಿದ್ದರೆ ಬಲ ಮುಂಗಾಲು ಈಗಲೂ ನಡುಗುತ್ತದೆ. ಆ ಔಷಧ ಗಿಡದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆಂದು ಡಾಕ್ಟರು ಹೇಳಿದ್ದರಿಂದ ಗೂಡನ್ನು ಮನೆಯ ಇನ್ನೊಂದು ಬದಿಗೆ ಸಾಗಿಸಿದೆ, ಹೂವು ಉದುರದಂತೆ ಗೋಡೆಯುದ್ದಕ್ಕೂ ಬಲೆ ಕಟ್ಟಿದೆ. ಅಮ್ಮ ಕುಂಡದಲ್ಲಿ ಚೆಂಡುಹೂವು ಹಾಕಿದರು. ಔಷಧ ಹೊಡೆಯುವುದಿಲ್ಲವಾದ್ದರಿಂದ ದೇವರಿಗೀಗ ಹುಳ ತಿಂದು ಉಳಿದದ್ದೇ ಗತಿ.

ಮುಂದಿನ ವಸಂತದಲ್ಲಿ, ಒಂದು ಭಾನುವಾರ, ಬಲೆಯಾಚೆಯಿಂದ ಕೂಗು ಕೇಳಿಸಿತು. ನಮಸ್ಕಾರವಿಲ್ಲ, ತಮ್ಮಾ ಇಲ್ಲ.

"ಔಷಧ ಹಾಕಾಕತ್ತೀನಿ!"

"ಗೊತ್ತಾಯ್ತು!"

"ಏನ್ ಗೊತ್ತಾಯ್ತು? ಹೂ ಮುಟ್ಟಬ್ಯಾಡ್ರಿ!"

"ಮುಟ್ಟಲ್ಲ ಅಂದ್ನಲ್ಲ!"

"ಈಗೆಲ್ಲಿ ಅಂದಿ?"

ಆಮೆಯನ್ನು ಎತ್ತಿಕೊಂಡು ಗ್ಯಾರೇಜಿಗೆ ಓಡಿದೆ. ಅದು ದಾರಿಯುದ್ದಕ್ಕೂ ಒದೆಯುತ್ತ ನನ್ನ ಅಂಗಿಯ ಮೇಲೆ ಉಚ್ಚೆ ಹೊಯ್ದಿತು.

"ಯಾರೋ ಅದು ಜಗಳ ಆಡ್ತಿರೋದು?" ಅಮ್ಮ ಒಳಗಿಂದ ಕೇಳಿದರು.

"ಜಗಳ ಅಲ್ಲಮ್ಮ. ಅಂಕಲ್ ಮಾತಾಡಿಸಿದ್ರು."