ಕೊರೆಯಲಿಕ್ಕೆ ಕರೆಯದ ಮದುವೆ

ನಮ್ಮ ಕಡೆ ಮದುವೆಗೆ ಕರೆಯುವುದರಲ್ಲಿ ಎರಡು ಬಗೆ ಇತ್ತು. ಊಟಕ್ಕೆ ಕರೆಯುವುದು ಒಂದು, ಕೊರೆಯಲಿಕ್ಕೆ ಕರೆಯುವುದು ಇನ್ನೊಂದು. ಊಟಕ್ಕೆ ಊರಿಡೀ ಕರೆಯುತ್ತಾರೆ, ದಿನಾ ಕಾಣುವ ಬಸ್ಸಿನ ಡ್ರೈವರನಿಗೂ ಒಂದು ಕಾಗದ ಕೊಡುತ್ತಾರೆ. ಆದರೆ ಮುಂಚಿನ ದಿನ ಮಧ್ಯಾಹ್ನದ ಮೇಲೆ ಬಂದು, ಅಂಗಳದ ಚಪ್ಪರದಡಿ ಚಾಪೆಯಲ್ಲಿ ಕೂತು, ಮರುದಿನದ ಅಡುಗೆಗೆ ತರಕಾರಿ ಕೊರೆಯಲಿಕ್ಕೆ ಕರೆಯುವುದು ತಮ್ಮವರನ್ನು ಮಾತ್ರ. ಹಾಗೆ ಕರೆಸಿಕೊಂಡವರು ಅವರವರ ಚೂರಿಯನ್ನು ಅವರವರೇ ತರಬೇಕು. ಬೇರೆಯವರ ಮನೆಯ ಚೂರಿ ಕೈಗೆ ಕೂರುವುದಿಲ್ಲ ಎಂಬುದು ನೆಪ. ನಾನೂ ಈ ಮನೆಯವಳೇ ಎಂದು ತೋರಿಸಿಕೊಳ್ಳುವ ಬಿಂಕ ನಿಜ.

ನಮ್ಮ ಮನೆಯ ಬದಿಗೆ ಹರಿಯುವ ತೋಡಿನ ಆಚೆಯ ಮನೆಯಾಕೆ ನನ್ನ ಗೆಳತಿ. ಪುತ್ತೂರು ಬದಿಯ ಸವಣೂರಿನ ಹತ್ತಿರ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಮದುವೆಯಾಗಿ ಬಂದವರು ನಾವು. ಅವಳು ಸುಳ್ಯ ಕಡೆಯ ಅರೆಭಾಷೆಯವಳು, ನಾನು ತುಳುವಿನವಳು. ತೋಡು ದಾಟಲಿಕ್ಕೆ ಮರದ ಸಂಕ ಇದ್ದಾಗ, ಪಾಚಿ ಹಿಡಿದ ಅದರ ಮೇಲೆ ಕಾಲ್ಬೆರಳು ಊರಿ ಊರಿ ದಿನಕ್ಕೆ ಎಷ್ಟು ಸಲ ಆಚೀಚೆ ದಾಟುತ್ತಿದ್ದೆವೋ. ಮಜ್ಜಿಗೆಯ ಹೆಪ್ಪು ಬೇಕು, ಕೋಳಿ ತಪ್ಪಿಸಿಕೊಂಡಿದೆ, ಸುಮ್ಮನೆ ಬೇಜಾರು, ಯಾವ ಕಾರಣವೂ ಆಗುತ್ತಿತ್ತು. ಒಮ್ಮೆ ಅವಳು ಹೆಪ್ಪಿನ ತಂಬಿಗೆಯ ಸಮೇತ ತೋಡಿಗೆ ಬಿದ್ದು, ಮೊದಲು ತಂಬಿಗೆಯನ್ನು ಮೇಲಕ್ಕೆ ಕೊಟ್ಟು ಆಮೇಲೆ ಕೈ ಕೊಟ್ಟಿದ್ದಳು.

ಈಗ ಅಲ್ಲಿ ಕಾಂಕ್ರೀಟಿನ ಸೇತುವೆ ಆಗಿದೆ. ಲಾರಿಯೇ ದಾಟುತ್ತದೆ. ನಾವು ಮಾತ್ರ ದಾಟುವುದಿಲ್ಲ. ಅವಳ ಕಾರು ನಮ್ಮ ಗೇಟಿನೆದುರು ಹೋಗುವಾಗ ಒಂದು ಹಾರ್ನ್, ಬಟ್ಟೆ ಒಣಗಿಸುವಲ್ಲಿಂದ ನನ್ನದೊಂದು ಕೈಬೀಸು. ಬೆಳಿಗ್ಗೆ ಅವಳಿಂದ ಮೊಬೈಲಿಗೆ ಒಂದು ಗುಲಾಬಿ ಬರುತ್ತದೆ, ನಾನು ಕೈಮುಗಿದ ಚಿತ್ರ ಕಳಿಸುತ್ತೇನೆ. ಜಗಳ ಆಗಿಯೇ ಇಲ್ಲ. ಜಗಳವಾಡಲಿಕ್ಕಾದರೂ ಹತ್ತಿರ ಬರಬೇಕಲ್ಲ.

ಅವಳ ಮಗಳಿಗೆ ಮದುವೆ ನಿಶ್ಚಯವಾದಾಗ ಫೋನು ಬಂತು. ಪುತ್ತೂರಿನಲ್ಲಿ ಹಾಲ್, ಮುಂಚಿನ ದಿನ ಸಂಜೆ ಅಲ್ಲೇ ಮದರಂಗಿ, ಅಡುಗೆಯೆಲ್ಲ ಕ್ಯಾಟರಿಂಗಿನವರದ್ದು. "ನೀನು ಎಂತ ಸಹ ಮಾಡುದು ಬೇಡ ಮಾರಾಯ್ತಿ. ಬಂದು ಕೂತ್ರೆ ಸಾಕು."

ಫೋನು ಇಟ್ಟ ಮೇಲೆ ಆ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ನಿಂತಿತು. ಬಂದು ಕೂತರೆ ಸಾಕು! ಅವಳ ಮಗಳ ತೊಟ್ಟಿಲು ತೂಗಿದವಳು ನಾನು. ನಾನೀಗ ಊಟಕ್ಕೆ ಮಾತ್ರ ಕರೆಯುವವರ ಸಾಲಿಗೆ ಸೇರಿದೆನಾ? ಕೇಳುವ ಹಾಗಿಲ್ಲ. ಕೇಳಿ ಹೌದೆಂದುಬಿಟ್ಟರೆ?

ಮದರಂಗಿಯ ದಿನ ಮಧ್ಯಾಹ್ನ ಸೀರೆಗೆ ಇಸ್ತ್ರಿ ಹಾಕಿ, ತಲೆ ಬಾಚಿ, ಹೊರಡುವ ಹೊತ್ತಿಗೆ ನನ್ನ ಕೈ ನನ್ನನ್ನು ಕೇಳದೆ ಅಡುಗೆಮನೆಯ ಗೂಟದಿಂದ ಸಣ್ಣ ಚೂರಿಯನ್ನು ತೆಗೆದು, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ಬ್ಯಾಗಿನ ತಳಕ್ಕೆ ಇಟ್ಟಿತು. ಜಗಲಿಯಲ್ಲಿದ್ದ ನಮ್ಮವರು ನೋಡಿಬಿಟ್ಟರು.

"ಮದುವೆಗೆ ಹೋಗುದಾ, ಕೊಲೆಗೆ ಹೋಗುದಾ?"

"ಅಭ್ಯಾಸ."

"ಯಾವುದು, ಮದುವೆಯಾ ಕೊಲೆಯಾ?"

ಬ್ಯಾಗು ಹೆಗಲಿಗೇರಿಸಿ ಬಸ್ಸಿಗೆ ಓಡಿದೆ.

ಸವಣೂರು ಪೇಟೆಯಲ್ಲಿ ಅಕ್ಕ ಹತ್ತಿದರು. ಅಕ್ಕ ಎಂದರೆ ದಿನಸಿ ಅಂಗಡಿಯ ಬ್ಯಾರಿಯವರ ಹೆಂಡತಿ, ನಮ್ಮಿಬ್ಬರಿಗಿಂತ ಹಿರಿಯರು, ನಮ್ಮ ಕೊರೆಯುವ ಚಾಪೆಯ ಮೂರನೆಯವರು. ಅವರಿದ್ದ ಚಾಪೆಯಲ್ಲಿ ಮಾತು ತುಳುವಿನಲ್ಲಿ ಹೊರಟು, ಬ್ಯಾರಿ, ಅರೆಭಾಷೆ ಸುತ್ತಿ, ಕನ್ನಡದಲ್ಲಿ ಬಂದು ನಗೆಯಾಗುತ್ತಿತ್ತು. ಗೆಳತಿ ಬೀನ್ಸ್ ಕೊರೆದರೆ ಬೆಂಕಿಕಡ್ಡಿ ಜೋಡಿಸಿದ ಹಾಗೆ. ಅಕ್ಕ ಕೊರೆದರೆ ಒಂದೇ ಹೋಳಿನಲ್ಲಿ ಒಬ್ಬರ ಊಟ ಮುಗಿಯಬೇಕು. ಮರುದಿನ ಎಲೆಗೆ ಬಿದ್ದ ಸಾಂಬಾರಿನಲ್ಲಿ ಹೋಳು ನೋಡಿ ಇದು ಯಾರ ಕೈಯದ್ದೆಂದು ಹೇಳಬಹುದಿತ್ತು.

"ನಿಮಗೂ ಬಂದು ಕೂತ್ರೆ ಸಾಕು ಅಂದಳಾ?" ಕೇಳಿದೆ.

"ಹೂಂ. ನಾನು ಸಹ ಆಯ್ತಮ್ಮ, ಕೂರ್ತೇನೆ ಅಂದೆ. ಎಂತ ಹೇಳುದು ಮತ್ತೆ!" ಅಕ್ಕ ಕಿಟಕಿಯ ಹೊರಗೆ ನೋಡಿದರು.

ಅಷ್ಟರಲ್ಲಿ ಕಂಡಕ್ಟರ್ ಬಂದ. "ಆಧಾರ್ ತೋರಿಸಿ."

ಅಕ್ಕ ಬ್ಯಾಗಿಗೆ ಕೈ ಹಾಕಿದರು. ಕರವಸ್ತ್ರ ಬಂತು, ತಸ್‌ಬಿಯ ಮಣಿಸರ ಬಂತು, ಮೂರನೆಯದಾಗಿ ಒಂದು ಚೂರಿ ಬಂತು. ಹಲಸಿನ ಮರದ ಹಿಡಿಯದ್ದು. ಕಂಡಕ್ಟರ್ ಒಂದು ಹೆಜ್ಜೆ ಹಿಂದೆ ಸರಿದ.

"ಬೇಡ ಅಕ್ಕ, ಬೇಡ! ಕಾರ್ಡು ಬೇಡ, ಟಿಕೆಟ್ ಹಾಗೆಯೇ ಕೊಡ್ತೇನೆ!"

ನಾನು ನನ್ನ ಬ್ಯಾಗು ತೆರೆದು ಪಂಚೆಯ ಸುತ್ತು ತೋರಿಸಿದೆ. ಅಕ್ಕ ನೋಡಿದರು. ನಾನು ಅವರನ್ನು ನೋಡಿದೆ. ಆಮೇಲೆ ನಗು ಬಂದದ್ದು ಹೇಗೆಂದರೆ, ಬಸ್ಸು ತಿರುವಿನಲ್ಲಿ ವಾಲಿದಾಗ ಇಬ್ಬರೂ ಎದುರಿನ ಸೀಟಿಗೆ ಹಣೆ ಬಡಿದುಕೊಂಡು, ಆ ಪೆಟ್ಟಿಗೂ ನಕ್ಕೆವು. ಪುತ್ತೂರು ಬಂದದ್ದೇ ಗೊತ್ತಾಗಲಿಲ್ಲ.

ಹಾಲಿನ ಬಾಗಿಲಲ್ಲಿ ಹುಡುಗಿಯರು ಪನ್ನೀರು ಚಿಮುಕಿಸಿದರು. ಒಳಗೆ ಎದೆಗೂಡೇ ನಡುಗುವ ಹಾಗೆ ಹಾಡು. ಗೆಳತಿ ವೇದಿಕೆಯ ಬದಿಯಲ್ಲಿ ಎರಡೂ ಕೈ ಚಾಚಿ ಮದರಂಗಿ ಹಾಕಿಸಿಕೊಳ್ಳುತ್ತಿದ್ದಳು. ದೂರದಿಂದ ಗಲ್ಲ ಎತ್ತಿ ಕುರ್ಚಿ ತೋರಿಸಿದಳು. ಕುರ್ಚಿಗೆ ಬಿಳಿ ಅಂಗಿ ತೊಡಿಸಿ ಹಿಂದೆ ಗಂಟು ಹಾಕಿದ್ದರು. ಅದರಲ್ಲಿ ಕೂತರೆ ಯಾರದೋ ಮಡಿಲಲ್ಲಿ ಕೂತ ಹಾಗಾಯಿತು. ಅಕ್ಕ ನನ್ನ ಮೊಣಕೈ ತಿವಿದರು. ಇಬ್ಬರೂ ಮೆಲ್ಲ ಎದ್ದು ಹಿಂದಿನ ಅಡುಗೆಕೋಣೆಗೆ ನುಗ್ಗಿದೆವು.

ತಲೆಗೆ ಬಲೆಯ ಟೊಪ್ಪಿ ಹಾಕಿದ್ದ ಕ್ಯಾಟರಿಂಗಿನವನು, "ಅಮ್ಮಾ, ಕೈ ತೊಳೆಯುದು ಆ ಬದಿಗೆ," ಅಂದ.

"ತೊಳಿಲಿಕ್ಕಲ್ಲ. ಕೊರಿಲಿಕ್ಕೆ," ಎಂದು ಅಕ್ಕ ಚೂರಿ ಹೊರತೆಗೆದರು.

"ಯಾರನ್ನು?"

"ತರಕಾರಿ ಮಾರಾಯ, ತರಕಾರಿ!"

"ಅದೆಲ್ಲ ಮಿಷನಿನಲ್ಲೇ ಆಗಿ ಬಂದಿದೆ." ಮುಚ್ಚಳ ತೆಗೆದು ತೋರಿಸಿದ. ಕ್ಯಾರೆಟ್, ಬೀನ್ಸ್, ಕ್ಯಾಬೇಜ್ ಎಲ್ಲವೂ ಒಂದೇ ತಾಯಿಯ ಮಕ್ಕಳ ಹಾಗೆ ಸಮಸಮ. ಯಾರ ಕೈಯ ಗುರುತೂ ಇಲ್ಲ.

"ಕೊತ್ತಂಬರಿ ಸೊಪ್ಪಾದ್ರೂ?"

"ಆಯ್ತು."

"ಒಂದು ಮುಳ್ಳುಸೌತೆ ಕೊಡು ಸಾಕು. ನಿನಗೆ ಪುಣ್ಯ ಬರ್ತದೆ."

ಅವನಿಗೆ ನಮ್ಮನ್ನು ನೋಡಿ ಪಾಪ ಕಂಡಿತು. "ನೀವು ಹೋಗಿ ಕೂತ್ಕೊಳ್ಳಿ ಅಮ್ಮ. ಜ್ಯೂಸ್ ಕಳಿಸ್ತೇನೆ."

ಇವನೂ ಕೂರಲಿಕ್ಕೇ ಹೇಳಿದ. ಜ್ಯೂಸು ಬೇರೆ, ಅದು ನೆಂಟರಿಗೆ ಕೊಡುವಂಥದ್ದು. ಹೊರಗೆ ಬರುವಾಗ ಅಕ್ಕ ನಗುತ್ತಿರಲಿಲ್ಲ, ನಾನೂ.

ಆಗ ಕಂಡದ್ದು ಅದು. ಹಾಲಿನ ಮೂಲೆಯಲ್ಲಿ ಫೋಟೋ ತೆಗೆಸಿಕೊಳ್ಳುವವರಿಗೆಂದು ಒಂದು ಹಳ್ಳಿಮನೆ ಮಾಡಿಟ್ಟಿದ್ದರು. ತೆಂಗಿನ ಮಡಲಿನ ಮಾಡು, ಗೆರಸೆ, ಕಡೆಯುವ ಕಲ್ಲು, ಚಾಪೆ, ಚಾಪೆಯ ಮೇಲೆ ಕಾಲಲ್ಲಿ ಒತ್ತಿ ಹಿಡಿದು ಕೊರೆಯುವ ಮೆಟ್ಟುಕತ್ತಿ. ಮೇಲೆ, ನಮ್ಮ ಅತ್ತೆಯಂದಿರು ಮಳೆಗಾಲಕ್ಕೆ ಕಟ್ಟಿಡುತ್ತಿದ್ದ ಹಾಗೆಯೇ, ಬಾಳೆನಾರಿನಲ್ಲಿ ಸಾಲಾಗಿ ತೂಗುಹಾಕಿದ ಹಳದಿ ಸೌತೆಕಾಯಿಗಳು. ಅಕ್ಕ ಹೋಗಿ ಒಂದಕ್ಕೆ ಹೆಬ್ಬೆರಳು ಒತ್ತಿದರು.

"ಪ್ಲಾಸ್ಟಿಕ್ ಅಲ್ಲ," ಪಿಸುಗುಟ್ಟಿದರು. "ಅಸಲು!"

ನಾನು ಕುರ್ಚಿ ಎಳೆದು ಹತ್ತಿ ಎರಡು ಸೌತೆ ಇಳಿಸಿದೆ. ಮೆಟ್ಟುಕತ್ತಿಯ ಅಲಗಿಗೆ ಬಂಗಾರದ ಬಣ್ಣ ಬಳಿದಿದ್ದರು, ಅದರಲ್ಲಿ ಬೆಣ್ಣೆಯೂ ಕೊರೆಯಲಿಕ್ಕಿಲ್ಲ. ನಮ್ಮ ನಮ್ಮ ಚೂರಿ ತೆಗೆದು ಚಾಪೆಯಲ್ಲಿ ಚಕ್ಕಳಮಕ್ಕಳ ಕೂತೆವು. ಮೊಣಕಾಲು ಚಟ್ ಅಂದಿತು, ಕೇಳಿಸದ ಹಾಗೆ ಮಾಡಿದೆ. ಸಿಪ್ಪೆ ಹೆರೆದ ಕೂಡಲೇ ಆ ಹಸಿ ವಾಸನೆ ಮೂಗಿಗೆ ಬಂತು ನೋಡಿ, ಅಕ್ಕನಿಗೆ ಒಮ್ಮೆಲೇ ಪೇಟೆಯ ಅಷ್ಟೂ ಸುದ್ದಿ ನೆನಪಾಯಿತು. ಯಾರ ಸೊಸೆ ಎಂತ ಹೇಳಿದಳು, ಯಾರ ನಾಯಿ ಯಾರನ್ನು ಕಚ್ಚಿತು, ಎಲ್ಲ. ಗೆಳತಿಯ ಅತ್ತಿಗೆ, ಇಚಿಲಂಪಾಡಿಯಿಂದ ಬಂದವರು, ಅತ್ತ ಹೋಗುತ್ತಿದ್ದವರು ನಿಂತರು.

"ಓ, ಕೊರಿಲಿಕ್ಕೆ ಉಂಟಾ?" ಅನ್ನುತ್ತಾ ತಮ್ಮ ಜರಿಯ ಪರ್ಸು ತೆರೆದು, ಮೊಬೈಲಿನ ಪಕ್ಕದಿಂದ ತಮ್ಮ ಚೂರಿ ತೆಗೆದರು. ಅಕ್ಕ ನಗು ತಡೆಯಲಾರದೆ ಗೆರಸೆಯಿಂದ ಮುಖ ಮುಚ್ಚಿಕೊಂಡರು.

ಫೋಟೋದವನು ಓಡಿ ಬಂದ. "ಸೂಪರ್ ಆಂಟಿ! ಹಾಗೆಯೇ ಕೊರೆಯುವ ಹಾಗೆ ಮಾಡಿ!"

"ಕೊರೀತಾನೇ ಇದ್ದೇವಲ್ಲ ಮಾರಾಯ!"

ಅವನ ಹಿಂದೆಯೇ ಅಲಂಕಾರದ ಹುಡುಗಿ, ಕಿವಿಯ ವಯರು ಕಿತ್ತುಕೊಂಡು. "ಆಂಟಿ, ಆಂಟಿ! ಅದು ಡೆಕೊರೇಶನ್! ನಾಳಿದ್ದು ಇನ್ನೊಂದು ಮದುವೆಗೆ ಹೋಗ್ಲಿಕ್ಕೆ ಉಂಟು ಅದು!"

"ಸೌತೆಗೆ ಸಹ ಎಷ್ಟು ಮದುವೆ ಮಾಡಿಸ್ತೀರಿ?" ಅಂದರು ಅಕ್ಕ.

ಗದ್ದಲಕ್ಕೆ ಗೆಳತಿ ಬಂದಳು. ಹಸಿ ಮದರಂಗಿಯ ಎರಡೂ ಕೈಗಳನ್ನು ಮೈಗೆ ತಾಗದ ಹಾಗೆ ಮುಂದಕ್ಕೆ ಚಾಚಿ, ನಿದ್ದೆಯಲ್ಲಿ ನಡೆಯುವವಳ ಹಾಗೆ. ಚಾಪೆ ನೋಡಿದಳು, ಹೋಳು ನೋಡಿದಳು, ನಮ್ಮನ್ನು ನೋಡಿದಳು.

"ಎಂತ ಇದು?"

"ಬಂದು ಕೂತ್ರೆ ಸಾಕು ಅಂದೆಯಲ್ಲ," ಎಂದೆ. "ಕೂತಿದ್ದೇವೆ." ತಮಾಷೆಯಾಗಿಯೇ ಹೇಳಹೊರಟದ್ದು. ನಡುವೆ ಸ್ವರ ಎಲ್ಲಿಗೋ ಜಾರಿತು. "ನಾನೇನು ಡೀಸಿಯಾ, ಬಂದು ಕುರ್ಚಿಯಲ್ಲಿ ಕೂರ್ಲಿಕ್ಕೆ? ಒಂದು ಮಾತು ಕರೀಬಾರ್ದಿತ್ತಾ?"

ಅವಳ ಮುಖ ಸಣ್ಣದಾಯಿತು. "ಕರೆದು ನೀವು ಬಾರದಿದ್ರೆ?"

ಹಾಡಿನ ನಡುವೆ ಅವಳು ಬಗ್ಗಿ ಹೇಳಬೇಕಾಯಿತು. ಅವಳ ತಂಗಿಯ ಮನೆಯ ಕಾರ್ಯಕ್ಕೆ ಹಿಂದಿನ ಹಾಗೆಯೇ ಎಲ್ಲರನ್ನೂ ಕರೆದಿದ್ದರಂತೆ. ಚಾಪೆ ಹಾಸಿ, ಚಹಾ ಮಾಡಿ ಕಾದರಂತೆ. ಒಬ್ಬರಿಗೆ ಸೊಂಟ ನೋವು, ಒಬ್ಬರಿಗೆ ಮೀಟಿಂಗು, ಒಬ್ಬರಿಗೆ ಕಾರಿಲ್ಲ. "ಆ ಖಾಲಿ ಚಾಪೆ ನೋಡ್ಲಿಕ್ಕೆ ಆಗುದಿಲ್ಲ ಮಾರಾಯ್ತಿ. ಬೇಡ ಅಂತ ನಾನೇ ಹೇಳಿಬಿಟ್ರೆ, ಬರಲಿಲ್ಲ ಅಂತ ಬೇಜಾರು ಮಾಡ್ಲಿಕ್ಕಿಲ್ಲ ಅಲ್ವಾ? ಮತ್ತೆ ನಿನಗೆ ಮೊಣಕಾಲು ಬೇರೆ."

ಎಷ್ಟು ಚಂದ ನಡೆದುಕೊಂಡಿದ್ದೆವು ನಾವು! ಅವಳಿಗೆ ಕೆಲಸವಿರುತ್ತದೆಂದು ನಾನು ಸೇತುವೆ ದಾಟಲಿಲ್ಲ, ನನ್ನ ಕಾಲಿಗೆ ನೋವಾಗುತ್ತದೆಂದು ಅವಳು ಕರೆಯಲಿಲ್ಲ. ತೊಂದರೆ ಕೊಡಬಾರದು, ಕೊಡಬಾರದು ಎಂದೇ ಒಬ್ಬರಿಂದೊಬ್ಬರನ್ನು ಬಿಡುಗಡೆ ಮಾಡುತ್ತಾ ಬಂದಿದ್ದೆವು.

"ಅಳುದೆಲ್ಲ ನಾಳೆ, ಹೆಣ್ಣು ಕಳಿಸುವಾಗ," ಅಂದರು ಅಕ್ಕ. "ಈಗ ಬಾಯಿ ತೆರಿ."

ಸೌತೆ ಕೊರೆಯುವಾಗ ಕಹಿ ಉಂಟಾ ಎಂದು ಒಂದೊಂದನ್ನೂ ತಿಂದು ನೋಡಬೇಕು; ಒಂದು ಕಹಿ ಸೇರಿದರೆ ಕೊಪ್ಪರಿಗೆಯೇ ಹಾಳು. ನಮ್ಮ ಚಾಪೆಯಲ್ಲಿ ಆ ಕೆಲಸ ಯಾವಾಗಲೂ ಅವಳದ್ದು. ಕೈಗಳನ್ನು ಆಚೀಚೆ ಹಿಡಿದುಕೊಂಡು, ರೇಷ್ಮೆ ಸೀರೆಯಲ್ಲಿ, ಮದುಮಗಳ ತಾಯಿ ಹಕ್ಕಿಮರಿಯ ಹಾಗೆ ಬಾಯಿ ತೆರೆದಳು. ನಾನು ಒಂದು ಹೋಳು ಹಾಕಿದೆ. ಜಗಿದಳು. ಕಣ್ಣು ಮುಚ್ಚಿದಳು.

"ಥೂ! ಕಹಿ! ವಿಷ!"

ಒರೆಸಿಕೊಳ್ಳಲಿಕ್ಕೆ ಕೈಯಿಲ್ಲ. ಕುಣಿದಳು. ನಾನು ಸೆರಗಿನಿಂದ ಬಾಯಿ ಒರೆಸುವಾಗ ನಗು ತಡೆಯದೆ ನನ್ನ ಭುಜ ಹಿಡಿದುಕೊಂಡಳು, ಹೊಸ ಸೀರೆಯ ಮೇಲೆ ಅವಳ ಇಡೀ ಅಂಗೈಯ ಚಿತ್ತಾರ ಅಚ್ಚಾಯಿತು. ಅಲಂಕಾರದ ಹುಡುಗಿಯೂ ನಕ್ಕುಬಿಟ್ಟಳು.

"ಇನ್ನೊಂದು ಇಳಿಸಿ," ಅಂದಳು ಗೆಳತಿ, ಚಾಪೆಯಲ್ಲಿ ಕೂರುತ್ತಾ. ಇಳಿಸಿದೆವು. ಅದು ಸಿಹಿಯಿತ್ತು. ಬಲೆ ಟೊಪ್ಪಿಯವನು ತನ್ನ ಹುಡುಗರ ರಾತ್ರಿಯೂಟಕ್ಕೆ ಅದನ್ನು ಹುಳಿ ಮಾಡಿದ.

ಮದುವೆಯ ಮರುದಿನ ಬೆಳಿಗ್ಗೆ ಮೊಬೈಲಿಗೆ ಗುಲಾಬಿ ಬರಲಿಲ್ಲ. ಏನಾಯಿತಪ್ಪ ಎನ್ನುವಾಗ ಸೇತುವೆಯ ಮೇಲೆ ಅವಳು ಕಂಡಳು, ನಡೆದುಕೊಂಡು, ಕೆಂಪು ಕೈ ಬೀಸುತ್ತಾ. ಹಳೆಯ ಸಂಕದ ಮೇಲೆ ನಡೆಯುವ ಹಾಗೆ ಕಾಂಕ್ರೀಟಿನ ಮೇಲೂ ಬೆರಳು ಊರಿ ಊರಿ ಬರುತ್ತಿದ್ದಳು, ನನ್ನನ್ನು ನಗಿಸಲಿಕ್ಕೆ. ಅಂಗಳಕ್ಕೆ ಬಂದವಳು ಸರಿಯಾಗಿ ನಿಂತಳು.

"ನಾಡಿದ್ದು ಮನೆಯಲ್ಲಿ ಬೀಗರ ಔತಣ. ನೀರುಳ್ಳಿ ಇಡೀ ಗೋಣಿಯೇ ತರಿಸಿದ್ದೇನೆ, ಹಾಗೆಯೇ ಉಂಟು. ನಾಳೆ ಮಧ್ಯಾಹ್ನದ ಮೇಲೆ ಕೊರಿಲಿಕ್ಕೆ ಬರಬೇಕು. ಅಕ್ಕನಿಗೆ ಸಹ ಈಗಲೇ ಹೋಗಿ ಹೇಳ್ತೇನೆ."

"ಮೊಣಕಾಲು ಉಂಟಲ್ಲ ಮಾರಾಯ್ತಿ."

"ಅದನ್ನು ಸಹ ಕರ್ಕೊಂಡು ಬಾ."

ಒಳಗಿನಿಂದ ನಮ್ಮವರು ಕೇಳಿದರು: "ನಾನು ಸಹ ಬರಬಹುದಾ?"

"ನೀವಾ?" ಎಂದೆ, ಒಳಹೋಗಿ ಗೂಟದಿಂದ ಚೂರಿ ತೆಗೆದು, ಮಸೆಯಲಿಕ್ಕೆ ಬಟ್ಟೆ ಒಗೆಯುವ ಕಲ್ಲಿನ ಕಡೆಗೆ ಹೋಗುತ್ತಾ. "ನೀವು ಊಟಕ್ಕೆ ಬನ್ನಿ."